ಒಜಿಗಿ

ಒಜಿಗಿ ಎಂಬುದು ಜಪಾನಿನಲ್ಲಿ ತಲೆಯನ್ನು ಅಥವಾ ಸೊಂಟದಿಂದ ಮೇಲಿನ ದೇಹವನ್ನು ಮುಂದಕ್ಕೆ ಬಾಗಿಸಿ ಸಲ್ಲಿಸುವ ನಮನ. ಭೇಟಿ, ಬೀಳ್ಕೊಡುಗೆ, ಕೃತಜ್ಞತೆ, ಕೋರಿಕೆ, ಕ್ಷಮಾಯಾಚನೆ, ಅಭಿನಂದನೆ, ದೇವತಾರಾಧನೆ ಮೊದಲಾದ ಎಲ್ಲ ಸಂದರ್ಭಗಳಲ್ಲಿಯೂ ಇದು ಬಳಕೆಯಲ್ಲಿದೆ. ನಿಂತು ಮಾಡುವ ನಮನ, ನೆಲದ ಮೇಲೆ ಕುಳಿತು ಮಾಡುವ ನಮನ ಎಂದು ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಬಾಗುವ ಆಳ, ಬಾಗಿ ನಿಲ್ಲುವ ಅವಧಿ, ಯಾರು ಮೊದಲು ತಲೆಯೆತ್ತುತ್ತಾರೆ ಎಂಬುದು ಇವೆಲ್ಲವೂ ಇಬ್ಬರ ನಡುವಿನ ಸಂಬಂಧವನ್ನೂ ಸಂದರ್ಭದ ತೂಕವನ್ನೂ ಸೂಚಿಸುತ್ತವೆ. ಜಪಾನೀ ಭಾಷೆಯಲ್ಲಿ ಕೇಗೊ ಎಂದು ಕರೆಯಲಾಗುವ ಗೌರವಸೂಚಕ ರೂಪಗಳು ಮಾತಿನಲ್ಲಿ ಮಾಡುವ ಕೆಲಸವನ್ನೇ ಒಜಿಗಿ ದೇಹದಲ್ಲಿ ಮಾಡುತ್ತದೆ. ಈ ಕಾರಣದಿಂದ ಆ ಭಾಷೆಯನ್ನು ಕಲಿಯುವವರು ಶುಭಾಶಯದ ಮೊದಲ ಪಾಠದಲ್ಲಿಯೇ ಇದನ್ನು ಎದುರಿಸುತ್ತಾರೆ.

ಹೆಸರು

ಒಜಿಗಿ ಎಂಬ ಪದದ ಮೊದಲ ಅಕ್ಷರವಾದ ‘ಒ’ ಗೌರವವನ್ನು ಸೂಚಿಸುವ ಪೂರ್ವಪ್ರತ್ಯಯ. ಉಳಿದ ‘ಜಿಗಿ’ ಎಂಬುದಕ್ಕೆ ಮೂಲದಲ್ಲಿ ಬಾಗುವಿಕೆಯ ಅರ್ಥವಿರಲಿಲ್ಲ. ಕಾಲಕ್ಕೆ ತಕ್ಕದ್ದು, ಸಮಯೋಚಿತವಾದದ್ದು ಎಂಬುದು ಅದರ ಹಳೆಯ ಅರ್ಥ. ಮಧ್ಯಯುಗದಲ್ಲಿ ಅದು ಸಂದರ್ಭಕ್ಕೆ ಒಪ್ಪುವ ಮಾತು, ಉಪಚಾರ, ಸಂಕೋಚದಿಂದ ಹಿಂದೆ ಸರಿಯುವುದು ಎಂಬ ಅರ್ಥಗಳತ್ತ ಹರಡಿತು. ಬರೆಯುವ ಚೀನೀ ಲಿಪಿಚಿಹ್ನೆಗಳೂ ಬದಲಾದವು. ತಲೆ ಬಾಗಿಸುವುದು ಎಂಬ ಇಂದಿನ ಅರ್ಥ ಆ ಬಳಿಕ ನೆಲೆಗೊಂಡಿತು.

ಔಪಚಾರಿಕ ಸಂದರ್ಭಗಳಲ್ಲಿ ‘ರೇ’ ಎಂಬ ಪದವೂ ಬಳಕೆಯಾಗುತ್ತದೆ. ಇದರ ವ್ಯಾಪ್ತಿ ಹೆಚ್ಚು: ನಮನ, ಶಿಷ್ಟಾಚಾರ, ಕೃತಜ್ಞತೆ ಮೂರೂ ಇದರಲ್ಲಿ ಅಡಕವಾಗಿವೆ. ಕೋಣೆಯೊಂದನ್ನು ಪ್ರವೇಶಿಸುವಾಗಲೂ ಬಿಡುವಾಗಲೂ ಹೇಳುವ ‘ಶಿತ್ಸುರೇ ಶಿಮಸ್’ ಎಂಬ ಮಾತಿನ ಅಕ್ಷರಶಃ ಅರ್ಥ ‘ರೇ ತಪ್ಪುತ್ತಿದ್ದೇನೆ’ ಎಂದಾಗುತ್ತದೆ. ಶಾಲೆಗಳಲ್ಲಿ ಪಾಠದ ಆರಂಭ ಮತ್ತು ಅಂತ್ಯದಲ್ಲಿ ಆ ದಿನದ ಸರದಿಯ ವಿದ್ಯಾರ್ಥಿ ‘ಕಿರಿತ್ಸು, ರೇ, ಚಕುಸೆಕಿ’ (ಏಳಿ, ನಮಿಸಿ, ಕುಳಿತುಕೊಳ್ಳಿ) ಎಂದು ಕೂಗುವುದು ವಾಡಿಕೆ.

ಇತಿಹಾಸ

ಜಪಾನೀ ದ್ವೀಪಗಳ ಜನರ ನಮನ ಪದ್ಧತಿಯ ಕುರಿತ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಚೀನಾದ್ದು. 3ನೆಯ ಶತಮಾನದ ಕೊನೆಯಲ್ಲಿ ಚೆನ್ ಶೌ ಸಂಕಲಿಸಿದ ‘ಮೂರು ರಾಜ್ಯಗಳ ದಾಖಲೆ’ಯಲ್ಲಿ, ಸಾಮಾನ್ಯರು ದಾರಿಯಲ್ಲಿ ಗಣ್ಯರನ್ನು ಎದುರಾದಾಗ ಹಿಂದೆ ಸರಿದು ಹುಲ್ಲಿನೊಳಗೆ ಇಳಿಯುತ್ತಿದ್ದರೆಂದೂ, ಮಾತನಾಡುವಾಗ ಕುಕ್ಕರಿಸಿಯೋ ಮಂಡಿಯೂರಿಯೋ ಎರಡೂ ಕೈಗಳನ್ನು ನೆಲಕ್ಕೆ ಊರುತ್ತಿದ್ದರೆಂದೂ ಹೇಳಿದೆ.

ಯಾವ ರೀತಿಯಲ್ಲಿ ಬಾಗಬೇಕು ಎಂಬುದು ಬಹು ಹಿಂದಿನಿಂದಲೂ ರಾಜಾಜ್ಞೆಯ ವಿಷಯವಾಗಿತ್ತು. ‘ನಿಹೊನ್ ಶೊಕಿ’ ಎಂಬ ಪ್ರಾಚೀನ ಇತಿಹಾಸ ಗ್ರಂಥದ ಪ್ರಕಾರ, 604ರಲ್ಲಿ ಅರಮನೆಯ ದ್ವಾರವನ್ನು ದಾಟುವವರು ಎರಡು ಕೈಗಳನ್ನೂ ಎರಡು ಮಂಡಿಗಳನ್ನೂ ನೆಲಕ್ಕೆ ಊರಿ ಹೊಸ್ತಿಲು ದಾಟಿದ ಮೇಲಷ್ಟೇ ಎದ್ದು ನಡೆಯಬೇಕೆಂಬ ವಿಧಿ ಬಂದಿತು. 682ರಲ್ಲಿ ತೆಮ್ಮು ಚಕ್ರವರ್ತಿಯು ಮಂಡಿಯೂರುವ ಮತ್ತು ತೆವಳುವ ನಮನಗಳೆರಡನ್ನೂ ನಿಲ್ಲಿಸಿ, ನಿಂತು ನಮಿಸುವ ಪದ್ಧತಿಯನ್ನು ಅನುಸರಿಸುವಂತೆ ಆಜ್ಞಾಪಿಸಿದನು. ನಿಂತು ಮಾಡುವ ನಮನವು ಚೀನೀ ಆಸ್ಥಾನದ ಮಾದರಿಯಾಗಿದ್ದು, ಹೊಸ ಆಡಳಿತ ವ್ಯವಸ್ಥೆಯೊಂದಿಗೆ ಬಂದದ್ದು. ಆಜ್ಞೆ ಹೊರಟರೂ ನೆಲದ ಮೇಲಿನ ನಮನ ಮಾಯವಾಗಲಿಲ್ಲ. ಕುರ್ಚಿಯಿಲ್ಲದ, ಚಾಪೆಯ ಮೇಲೆ ಬದುಕುವ ಮನೆಗಳಲ್ಲಿ ಅದು ಸಹಜವಾಗಿಯೇ ಉಳಿಯಿತು.

ಸಮುರಾಯ್ ಆಳ್ವಿಕೆಯ ಶತಮಾನಗಳಲ್ಲಿ ನಮನವು ಒಂದು ವಿದ್ಯೆಯಾಗಿ ಬೆಳೆಯಿತು. ಬಿಲ್ವಿದ್ಯೆ, ಅಶ್ವಾರೋಹಣ ಮತ್ತು ಶಿಷ್ಟಾಚಾರಗಳನ್ನು ಒಟ್ಟಿಗೆ ಕಲಿಸುತ್ತಿದ್ದ ಒಗಸವರ ಮನೆತನದ ಪರಂಪರೆ ಇವುಗಳಲ್ಲಿ ಪ್ರಸಿದ್ಧವಾದದ್ದು; ಅದು ಇಂದಿಗೂ ಜೀವಂತವಾಗಿದೆ. ಕುಳಿತು ಮಾಡುವ ನಮನದಲ್ಲಿಯೇ ಈ ಪರಂಪರೆ ಒಂಬತ್ತು ಬಗೆಗಳನ್ನು ಗುರುತಿಸುತ್ತದೆ. ಅಧಿಕಾರದ ತುದಿಯಲ್ಲಿದ್ದವರ ಮುಂದೆ ನಮನ ಎಷ್ಟು ಕಠಿಣವಾಗಿತ್ತೆಂಬುದನ್ನು ಜರ್ಮನ್ ವೈದ್ಯ ಎಂಗೆಲ್‌ಬರ್ಟ್ ಕೆಂಪ್ಫರ್ ಕಂಡು ಬರೆದಿಟ್ಟಿದ್ದಾನೆ. 1691ರಲ್ಲಿ ಎದೋ ನಗರದಲ್ಲಿ (ಇಂದಿನ ಟೋಕಿಯೊ) ಶೋಗುನ್ ತ್ಸುನಯೊಶಿಯ ದರ್ಶನಕ್ಕೆ ಹೋದ ಡಚ್ ವ್ಯಾಪಾರಿಗಳ ಮುಖ್ಯಸ್ಥನು ಕೈಮಂಡಿಗಳ ಮೇಲೆ ತೆವಳುತ್ತ ಮುಂದೆ ಸಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಒಂದು ಮಾತನ್ನೂ ಆಡದೆ ಏಡಿಯಂತೆ ಹಿಂದಕ್ಕೆ ತೆವಳಿ ಬಂದನಂತೆ. ದರ್ಶನವೆಂದರೆ ಅಷ್ಟೇ ಆಗಿತ್ತು.

ಮೇಜಿ ಯುಗದಲ್ಲಿ (1868–1912) ಶಾಲೆ, ಸೇನೆ, ಕಚೇರಿಗಳಿಗೆ ಕುರ್ಚಿ, ಮೇಜು, ಬೂಟುಗಳು ಬಂದವು. ನಿಂತು ಮಾಡುವ ನಮನ ಸಾರ್ವಜನಿಕ ಜೀವನದ ಸಾಮಾನ್ಯ ರೂಪವಾಯಿತು. ಅದರ ಜೊತೆಗೆ ಅದು ರಾಷ್ಟ್ರನಿಷ್ಠೆಯ ಪರೀಕ್ಷೆಯೂ ಆಯಿತು. 1891ರ ಜನವರಿ 9ರಂದು ಟೋಕಿಯೊದ ಪ್ರಥಮ ಉನ್ನತ ಮಾಧ್ಯಮಿಕ ಶಾಲೆಯಲ್ಲಿ, ಚಕ್ರವರ್ತಿಯ ಸಹಿಯಿದ್ದ ಶಿಕ್ಷಣ ಶಾಸನದ ಮುಂದೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಬಂದು ಆಳವಾಗಿ ನಮಿಸಬೇಕಾಗಿತ್ತು. ಕ್ರೈಸ್ತ ಧರ್ಮೀಯರಾಗಿದ್ದ ಅಧ್ಯಾಪಕ ಉಚಿಮುರ ಕನ್‌ಜೋ ಒಂದು ಕ್ಷಣ ಹಿಂಜರಿದು ತಲೆಯನ್ನು ಸ್ವಲ್ಪವೇ ಬಾಗಿಸಿದರು. ಅವರು ನಮಿಸಲು ನಿರಾಕರಿಸಿರಲಿಲ್ಲ, ನಮಿಸಿದ್ದು ಸಾಲದಾಗಿತ್ತು. ಪತ್ರಿಕೆಗಳಲ್ಲಿ ರಾಜದ್ರೋಹದ ಕೂಗೆದ್ದು ಅವರು ಹುದ್ದೆಯನ್ನು ಕಳೆದುಕೊಂಡರು.

1930ರ ದಶಕದಿಂದ ಯುದ್ಧಾಂತ್ಯದವರೆಗೆ ಟೋಕಿಯೊದ ಅರಮನೆಯಿರುವ ದಿಕ್ಕಿಗೆ ತಿರುಗಿ ಸಾಮೂಹಿಕವಾಗಿ ಬಾಗುವುದು ಜಪಾನಿನಲ್ಲಿ ಮಾತ್ರವಲ್ಲದೆ ಅದರ ವಸಾಹತುಗಳಾಗಿದ್ದ ಕೊರಿಯಾ ಮತ್ತು ತೈವಾನ್‌ಗಳಲ್ಲಿಯೂ ಕಡ್ಡಾಯವಾಯಿತು. 1941ರಲ್ಲಿ ಶಿಕ್ಷಣ ಸಚಿವಾಲಯ ಪ್ರಕಟಿಸಿದ ‘ರೇಹೋ ಯೋಕೋ’ ಎಂಬ ಶಿಷ್ಟಾಚಾರ ಕೈಪಿಡಿಯು ಅತ್ಯುನ್ನತ ನಮನದಲ್ಲಿ ಬೆರಳ ತುದಿಗಳು ಮೊಣಕಾಲಿನ ಬಳಿಗೆ ಬರುವಷ್ಟು ಬಾಗಿ, ಒಂದು ಉಸಿರಿನ ಕಾಲ ತಡೆದು ಏಳಬೇಕೆಂದು ವಿಧಿಸಿತು. ಜಪಾನೀ ಸೇನೆಯ ಯುದ್ಧಕೈದಿ ಶಿಬಿರಗಳಲ್ಲಿ ಕಾವಲುಗಾರರಿಗೆ ಬಾಗದಿದ್ದವರು ಹೊಡೆತ ತಿನ್ನುತ್ತಿದ್ದರು. ಅಲ್ಲಿ ಬದುಕುಳಿದು ಬಂದವರ ಎಷ್ಟೋ ನೆನಪಿನ ಬರಹಗಳಲ್ಲಿ ಒಜಿಗಿ ಶಿಷ್ಟಾಚಾರವಾಗಿ ಕಾಣುವುದಿಲ್ಲ, ಅವಮಾನವಾಗಿ ಕಾಣುತ್ತದೆ. ಯುದ್ಧಾನಂತರ ಈ ಕಡ್ಡಾಯಗಳು ಕೊನೆಗೊಂಡವು. ಶಿಕ್ಷಣ ಶಾಸನವನ್ನು 1948ರಲ್ಲಿ ಸಂಸತ್ತು ಅಸಿಂಧುವೆಂದು ಘೋಷಿಸಿತು.

ಆ ಬಳಿಕ ಒಜಿಗಿಯ ಪಾಠಶಾಲೆಗಳಾಗಿ ಮುಂದೆ ಬಂದವು ವ್ಯಾಪಾರ ಸಂಸ್ಥೆಗಳು. ಹೊಸ ನೌಕರರ ತರಬೇತಿ ಮತ್ತು ವ್ಯವಹಾರ ಶಿಷ್ಟಾಚಾರದ ಪುಸ್ತಕಗಳ ಮೂಲಕ ಇಂದು ಎಲ್ಲೆಡೆ ಉಲ್ಲೇಖವಾಗುವ 15, 30, 45 ಡಿಗ್ರಿಗಳ ವಿಂಗಡಣೆ ಮನೆಮಾತಾಯಿತು. ಇದನ್ನು ಜಪಾನಿನ ಪುರಾತನ ಸೂತ್ರವೆಂದು ಭಾವಿಸುವುದು ಸರಿಯಲ್ಲ. ಹಳೆಯ ಪರಂಪರೆಗಳು ಕೈಗಳು ತಲುಪುವ ಸ್ಥಾನದಿಂದಲೂ ಉಸಿರಿನಿಂದಲೂ ಆಳವನ್ನು ಅಳೆಯುತ್ತಿದ್ದವು.

ಬಾಗುವ ಕ್ರಮ

ಇಂದಿನ ಬಳಕೆಯಲ್ಲಿ ನಿಂತು ಮಾಡುವ ನಮನವನ್ನು ಮೂರಾಗಿ ವಿಂಗಡಿಸಲಾಗುತ್ತದೆ. ಸುಮಾರು 15 ಡಿಗ್ರಿಯಷ್ಟು ಬಾಗುವ ‘ಎಶಕು’ ಓಣಿಯಲ್ಲಿ ಸಹೋದ್ಯೋಗಿ ಎದುರಾದಾಗ, ನೆರೆಯವರನ್ನು ಕಂಡಾಗ ಮಾಡುವಂಥದು. ಸುಮಾರು 30 ಡಿಗ್ರಿಯ ‘ಕೇರೇ’ ಅತಿಥಿಗಳಿಗೆ, ಗ್ರಾಹಕರಿಗೆ, ಮೇಲಧಿಕಾರಿಗಳಿಗೆ ಸಲ್ಲುತ್ತದೆ. (ಸೈನಿಕರು ಹಣೆಗೆ ಕೈಯಿಟ್ಟು ಮಾಡುವ ವಂದನೆಗೂ ಕೇರೇ ಎಂಬ ಹೆಸರೇ ಇದೆ.) 45 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬಾಗುವ ‘ಸೈಕೇರೇ’ ಗಂಭೀರ ಕ್ಷಮಾಯಾಚನೆಗೆ, ಆಳವಾದ ಕೃತಜ್ಞತೆಗೆ, ದೇವರ ಸನ್ನಿಧಿಗೆ ಮೀಸಲು. ಯಾರೂ ಕೋನಮಾಪಕ ಹಿಡಿದು ಬಾಗುವುದಿಲ್ಲ. ನಿತ್ಯಜೀವನದ ಬಹುಪಾಲು ಒಜಿಗಿಗಳು ಎಶಕುವಿಗಿಂತಲೂ ಕಿರಿದಾದ, ತಲೆಯ ಒಂದು ಇಳಿತ ಮಾತ್ರ.

ಬೆನ್ನು, ಕತ್ತು, ತಲೆ ಒಂದೇ ನೇರದಲ್ಲಿದ್ದು ಸೊಂಟದ ಕೀಲಿನಿಂದ ಬಾಗುವುದು ಸರಿಯಾದ ಕ್ರಮ. ಕತ್ತನ್ನಷ್ಟೇ ಕುಣಿಸುವುದನ್ನು ‘ಪೆಕೊಪೆಕೊ’ ಎಂಬ ಅನುಕರಣ ಪದ ಹಾಸ್ಯ ಮಾಡುತ್ತದೆ. ಅದು ಹಲ್ಲುಗಿಂಜುವ ದೈನ್ಯವನ್ನೂ ಸೂಚಿಸುತ್ತದೆ. ದೃಷ್ಟಿ ದೇಹದೊಂದಿಗೇ ಕೆಳಗಿಳಿಯಬೇಕು. ಬಾಗಿದಂತೆಯೇ ಕಣ್ಣೆತ್ತಿ ಎದುರಿನವರ ಮುಖ ನೋಡುವುದು ಅಸಭ್ಯವಾಗಿ ಕಾಣುತ್ತದೆ. ಬಾಗುವುದು ತುಸು ಬೇಗ, ಏಳುವುದು ನಿಧಾನ, ನಡುವೆ ಒಂದು ತಡೆ. ಒಗಸವರ ಪರಂಪರೆಯಲ್ಲಿ ಇದಕ್ಕೆ ‘ರೇಸನ್‌ಸೊಕು’ ಎಂಬ ಉಸಿರಿನ ನಿಯಮವಿದೆ: ಉಸಿರೆಳೆಯುತ್ತ ಬಾಗುವುದು, ಬಾಗಿದ ಸ್ಥಿತಿಯಲ್ಲಿ ಉಸಿರು ಬಿಡುವುದು, ಮತ್ತೆ ಉಸಿರೆಳೆಯುತ್ತ ಏಳುವುದು. ಇಬ್ಬರ ಉಸಿರಾಟ ಹೊಂದಿಕೊಂಡರೆ ನಮನವೂ ತಾನಾಗಿ ಹೊಂದಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಕೈಗಳ ವಿಷಯದಲ್ಲಿ ಒಮ್ಮತವಿಲ್ಲ. ಪುರುಷರು ಪಕ್ಕದಲ್ಲಿ, ಮಹಿಳೆಯರು ಹೊಟ್ಟೆಯ ಮುಂದೆ ಜೋಡಿಸಿ ಎಂದು ಅಂಗಡಿ, ವಿಮಾನಯಾನ ಸಂಸ್ಥೆಗಳ ತರಬೇತಿಯಲ್ಲಿ ಕಲಿಸುವುದುಂಟು. ಒಗಸವರ ಕ್ರಮದಲ್ಲಿ ಕೈಗಳು ದೇಹ ಬಾಗಿದಂತೆ ತೊಡೆಯ ಮುಂಭಾಗದಲ್ಲಿ ಜಾರುತ್ತವೆ.

ನಡೆಯುತ್ತ ಬಾಗಬಾರದು, ನಿಂತು ಬಾಗಬೇಕು. ಇಬ್ಬರ ತಲೆಗಳು ಡಿಕ್ಕಿ ಹೊಡೆಯದಷ್ಟು ಅಂತರವಿರಬೇಕು ಎಂಬ ಎಚ್ಚರ ಹೊಸಬರಿಗೆ ನಗೆ ತರಿಸಿದರೂ ಇಕ್ಕಟ್ಟಾದ ಲಿಫ್ಟ್‌ಗಳ ನಗರದಲ್ಲಿ ಅದಕ್ಕೆ ಅರ್ಥವಿದೆ.

ಚಾಪೆ ಹಾಸಿದ ಕೋಣೆಯಲ್ಲಿ ಕುಳಿತು ಮಾಡುವ ನಮನಕ್ಕೆ ‘ಜರೇ’ ಎನ್ನುತ್ತಾರೆ. ಮೊದಲು ಮಂಡಿ ಮಡಿಸಿ ಹಿಮ್ಮಡಿಗಳ ಮೇಲೆ ಕೂರುವ ‘ಸೇಜ’ ಭಂಗಿ. ಬಳಿಕ ಕೈಗಳನ್ನು ಮುಂದೆ ಚಾಪೆಯ ಮೇಲಿಟ್ಟು, ಸೊಂಟ ಮೇಲೇಳದಂತೆ ಬೆನ್ನನ್ನು ಬಾಗಿಸಬೇಕು. ಆತಿಥೇಯರು ದಿಂಬು ಕೊಟ್ಟಿದ್ದರೆ ಅದರಿಂದ ಕೆಳಗಿಳಿದು ನಮಿಸಬೇಕೇ ಹೊರತು ಅದರ ಮೇಲೆ ಕುಳಿತಲ್ಲ. ಚಹಾ ಸಮಾರಂಭದಲ್ಲಿ ಈ ನಮನಕ್ಕೆ ಶಿನ್, ಗ್ಯೋ, ಸೋ ಎಂಬ ಮೂರು ಹಂತಗಳಿವೆ. ಇವು ಲಿಪಿಕಲೆಯ ಪೂರ್ಣ, ಅರೆಹರಿವಿನ ಮತ್ತು ಹರಿವಿನ ಶೈಲಿಗಳಿಂದ ಬಂದ ಹೆಸರುಗಳು.

ಮಾತು ಮತ್ತು ನಮನ

ಜಪಾನೀ ಭಾಷೆಯ ಹಲವು ವಿನಯ ರೂಪಗಳಲ್ಲಿ ಬಾಗಿದ ದೇಹ ಹುದುಗಿದೆ. ನೋಡುವುದಕ್ಕೆ ‘ಹಾಯ್‌ಕೆನ್’, ಎರವಲು ಪಡೆಯುವುದಕ್ಕೆ ‘ಹಾಯ್‌ಶಕು’ ಎಂದು ವಿನಯದಿಂದ ಹೇಳುವಾಗ ಬರುವ ‘ಹಾಯ್’ ಎಂಬ ಅಂಶಕ್ಕೆ ನಮಿಸು ಎಂದೇ ಅರ್ಥ. ಔಪಚಾರಿಕ ಪತ್ರಗಳು ಆರಂಭವಾಗುವ ‘ಹಾಯ್‌ಕೇ’ ಎಂಬ ಪದವೂ ‘ನಮಿಸಿ ಅರಿಕೆ ಮಾಡುತ್ತೇನೆ’ ಎಂಬುದರ ಸಂಕ್ಷೇಪ. ಊಟಕ್ಕೆ ಮೊದಲು ಹೇಳುವ ‘ಇತದಕಿಮಸ್’ ಎಂಬುದು ಮೂಲದಲ್ಲಿ ತಲೆಯ ಮೇಲೆ ಇರಿಸಿಕೊಳ್ಳುವುದನ್ನು ಸೂಚಿಸುವ ಕ್ರಿಯಾಪದ. ಕನ್ನಡದ ‘ಶಿರಸಾವಹಿಸು’ ಎಂಬ ಮಾತಿನ ಹಿಂದಿರುವ ಚಿತ್ರವೂ ಇದೇ. ತಲೆ ಬಾಗಿಸುವುದೆಂದರೆ ಕ್ಷಮೆ ಕೇಳುವುದು ಅಥವಾ ಬೇಡಿಕೊಳ್ಳುವುದು. ತಲೆ ತಾನಾಗಿ ಬಾಗುತ್ತದೆ ಎಂದರೆ ಒಬ್ಬರ ಬಗ್ಗೆ ಆದರ ಮೂಡುವುದು. ತಲೆಯೆತ್ತಲಾಗದು ಎಂದರೆ ಋಣದ ಭಾರ.

ಕೇಗೊ ವ್ಯವಸ್ಥೆ ಎರಡು ಅಳತೆಗಳ ಮೇಲೆ ನಿಂತಿದೆ. ಮೊದಲನೆಯದು ಮೇಲು–ಕೆಳಗು, ವಯಸ್ಸು, ಹುದ್ದೆ, ಸೇವಾವಧಿಗಳು ಇದನ್ನು ನಿರ್ಧರಿಸುತ್ತವೆ. ಎರಡನೆಯದು ಒಳಗು–ಹೊರಗು, ಜಪಾನಿಯಲ್ಲಿ ‘ಉಚಿ’ ಮತ್ತು ‘ಸೊತೊ’. ಕನ್ನಡಿಗರಿಗೆ ಮೊದಲನೆಯದು ಕಷ್ಟವಲ್ಲ. ನೀನು, ನೀವು, ತಾವು ಎಂಬ ಭೇದದಲ್ಲಿಯೂ ‘ಬಂದ’, ‘ಬಂದರು’ ಎಂಬ ಕ್ರಿಯಾರೂಪಗಳಲ್ಲಿಯೂ ಅದು ಅವರಿಗೆ ರೂಢಿಯಾಗಿದೆ. ಎಡವುವುದು ಎರಡನೆಯದರಲ್ಲಿ. ಕನ್ನಡದಲ್ಲಿ ಗೌರವಕ್ಕೆ ಪಾತ್ರರಾದವರು ಯಾರೊಂದಿಗೆ ಮಾತನಾಡುವಾಗಲೂ ಗೌರವಕ್ಕೆ ಪಾತ್ರರೇ: ಹೊರಗಿನವರ ಮುಂದೆ ‘ನಮ್ಮ ಸಾಹೇಬ ಬರುತ್ತಾನೆ’ ಎಂದರೆ ಅದು ಉದ್ಧಟತನ. ಜಪಾನಿಯಲ್ಲಿ ಹಾಗಲ್ಲ. ಕಚೇರಿಯೊಳಗೆ ‘ತನಕಾ ಬುಚೋ’ ಎಂದು ಹುದ್ದೆ ಸೇರಿಸಿ, ಗೌರವ ಕ್ರಿಯಾಪದ ಹಚ್ಚಿ ಕರೆಯಲಾಗುವ ವಿಭಾಗ ಮುಖ್ಯಸ್ಥರು, ಹೊರಗಿನ ಗ್ರಾಹಕರ ಮುಂದೆ ಬರಿಯ ‘ತನಕಾ’ ಆಗುತ್ತಾರೆ. ಅವರ ಕುರಿತ ಕ್ರಿಯಾಪದವೂ ವಿನಯ ರೂಪಕ್ಕೆ ಇಳಿಯುತ್ತದೆ. ತಂದೆತಾಯಿಗಳನ್ನು ಮನೆಯಲ್ಲಿ ‘ಒತೋಸನ್’, ‘ಒಕಾಸನ್’ ಎಂದು ಕರೆದವರೇ ಹೊರಗಿನವರೊಂದಿಗೆ ಅವರ ಬಗ್ಗೆ ಮಾತನಾಡುವಾಗ ‘ಚಿಚಿ’, ‘ಹಾಹಾ’ ಎನ್ನುತ್ತಾರೆ.

ಒಜಿಗಿ ಈ ನಿಯಮವನ್ನೇ ಅನುಸರಿಸುತ್ತದೆ. ಬೆಳಿಗ್ಗೆ ತನ್ನ ಮುಖ್ಯಸ್ಥರಿಗೆ ಆಳವಾಗಿ ಬಾಗಿದ ಕಿರಿಯ ನೌಕರ, ಮಧ್ಯಾಹ್ನ ಗ್ರಾಹಕರು ಬಂದಾಗ ಅದೇ ಮುಖ್ಯಸ್ಥರ ಪಕ್ಕದಲ್ಲಿ ನಿಂತು ಅವರೊಂದಿಗೆ ಏಕಕಾಲಕ್ಕೆ, ಸರಿಸುಮಾರು ಅದೇ ಆಳಕ್ಕೆ ಬಾಗುತ್ತಾನೆ. ಆ ಕ್ಷಣದಲ್ಲಿ ಇಬ್ಬರೂ ಒಳಗಿನವರು. ಒಬ್ಬ ನೌಕರನ ತಪ್ಪಿಗೆ ಸಂಸ್ಥೆಯ ಅಧ್ಯಕ್ಷರು ಬಾಗುವುದೂ ಮಗುವಿನ ತಂಟೆಗೆ ತಾಯಿ ಮಗುವಿನ ತಲೆಯನ್ನು ಕೈಯಿಂದ ಒತ್ತಿ ತಾನೂ ಬಾಗುವುದೂ ಇದೇ ತರ್ಕದಿಂದ. ಆದ್ದರಿಂದ ‘ಎಷ್ಟು ಡಿಗ್ರಿ ಬಾಗಬೇಕು’ ಎಂಬ ಪ್ರಶ್ನೆಗಿಂತ ‘ಈಗ ಯಾರ ಪಕ್ಷದಲ್ಲಿ ನಿಂತಿರುವುದು’ ಎಂಬ ಪ್ರಶ್ನೆ ಕಲಿಯುವವರಿಗೆ ಹೆಚ್ಚು ಉಪಯುಕ್ತ. ಅದಕ್ಕೆ ಉತ್ತರ ತಿಳಿದವರಿಗೆ ಕ್ರಿಯಾಪದವೂ ಸರಿಯಾಗಿ ಬರುತ್ತದೆ.

ಮಾತು ಮೊದಲೋ ನಮನ ಮೊದಲೋ ಎಂಬುದಕ್ಕೂ ಉತ್ತರವಿದೆ. ಔಪಚಾರಿಕ ಸಂದರ್ಭದಲ್ಲಿ ‘ಗೊಸೆನ್ ಗೊರೇ’, ಅಂದರೆ ಮಾತು ಮುಂದೆ, ನಮನ ಹಿಂದೆ. ‘ಒಹಾಯೋ ಗೊಜಾಯ್ಮಸ್’ ಎಂದು ಮುಖ ನೋಡಿ ಹೇಳಿ ಮುಗಿಸಿದ ಬಳಿಕ ಬಾಗಬೇಕು. ಹಾಗೆ ಮಾಡದಿದ್ದರೆ ಶುಭಾಶಯ ನೆಲಕ್ಕೆ ಸಂದಾಯವಾಗುತ್ತದೆ. ಗಡಿಬಿಡಿಯ ನಿತ್ಯವ್ಯವಹಾರದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ.

ಮಾತಿನ ಅರ್ಥವನ್ನು ನಮನ ನಿರ್ಧರಿಸುವುದೂ ಉಂಟು. ‘ಸುಮಿಮಸೆನ್’ ಎಂಬ ಒಂದೇ ಪದ ‘ಸ್ವಲ್ಪ ದಾರಿ ಬಿಡಿ’, ‘ಉಪಕಾರವಾಯಿತು’, ‘ತಪ್ಪಾಯಿತು’ ಎಂಬ ಮೂರಕ್ಕೂ ಸಲ್ಲುತ್ತದೆ. ರೈಲಿನಲ್ಲಿ ನುಸುಳಿ ಹೋಗುವಾಗ ತಲೆಯ ಒಂದು ಇಳಿತ ಸಾಕು. ಬೇರೊಬ್ಬರ ವಸ್ತುವನ್ನು ಒಡೆದವರು ಅಷ್ಟೇ ಮಾಡಿದರೆ ಪದ ಸರಿಯಿದ್ದರೂ ಕ್ಷಮೆ ಕೇಳಿದಂತಾಗುವುದಿಲ್ಲ. ‘ಯೊರೊಶಿಕು ಒನೆಗಾಯ್ ಶಿಮಸ್’ ಎಂಬ ಅನುವಾದಕ್ಕೆ ಸಿಕ್ಕದ ಕೋರಿಕೆಯಂತೂ ನಮನವಿಲ್ಲದೆ ಅರ್ಧ ವಾಕ್ಯದಂತೆ ಕೇಳಿಸುತ್ತದೆ. ಫೋನಿನಲ್ಲಿ ಮಾತನಾಡುತ್ತ, ಕಾಣದ ವ್ಯಕ್ತಿಗೆ ಬಾಗುವ ಜನರನ್ನು ಜಪಾನಿನ ಯಾವ ನಿಲ್ದಾಣದಲ್ಲಿಯೂ ನೋಡಬಹುದು. ಇದನ್ನು ಬರಿಯ ಅಭ್ಯಾಸಬಲವೆಂದು ತಳ್ಳಿಹಾಕಬೇಕಿಲ್ಲ; ದೇಹ ಬಾಗಿದಾಗ ಧ್ವನಿಯೂ ಬಾಗುತ್ತದೆ. ಬರಹದಲ್ಲಿಯೂ ನಮನ ತನ್ನ ದಾರಿ ಕಂಡುಕೊಂಡಿದೆ: ಬಾಗಿ ನಮಿಸುವ ವ್ಯಕ್ತಿಯ ಇಮೋಜಿ 2010ರಲ್ಲಿ ಯೂನಿಕೋಡ್ 6.0ಕ್ಕೆ ಸೇರಿತು.

ಸಂಭಾಷಣೆಯ ನಡುವೆ ‘ಕೇಳುತ್ತಿದ್ದೇನೆ’ ಎಂದು ಸೂಚಿಸಲು ಆಗಾಗ ತಲೆಯಾಡಿಸುವುದು ಬೇರೆ ವಿಷಯ. ಅದು ಒಜಿಗಿಯಲ್ಲ, ಒಪ್ಪಿಗೆಯೂ ಅಲ್ಲ.

ಕ್ಷಮಾಯಾಚನೆ ಮತ್ತು ದೊಗೆಜ

ಸಂಸ್ಥೆಯೊಂದರಲ್ಲಿ ಅಪಘಾತವೋ ಅಕ್ರಮವೋ ಬಯಲಾದಾಗ ಅದರ ಮುಖ್ಯಸ್ಥರು ಪತ್ರಿಕಾಗೋಷ್ಠಿ ಕರೆದು, ಸಾಲಾಗಿ ನಿಂತು, ‘ಮೋಶಿವಕೆ ಗೊಜಾಯ್ಮಸೆನ್’ ಎಂದು ಹೇಳಿ ಒಟ್ಟಾಗಿ ಆಳಕ್ಕೆ ಬಾಗುವುದು ಜಪಾನಿನ ದೂರದರ್ಶನದಲ್ಲಿ ಪರಿಚಿತ ದೃಶ್ಯ. ಆ ಪದಗುಚ್ಛದ ಅರ್ಥ ‘ಹೇಳಿಕೊಳ್ಳಲು ಸಮಜಾಯಿಷಿಯೇ ಇಲ್ಲ’. ಎಷ್ಟು ಆಳಕ್ಕೆ, ಎಷ್ಟು ಹೊತ್ತು, ಎಲ್ಲರೂ ಒಟ್ಟಿಗೆ ಎದ್ದರೇ ಎಂಬುದನ್ನು ಮಾಧ್ಯಮಗಳು ಗಮನಿಸಿ ಟೀಕಿಸುತ್ತವೆ. ನಮನ ಇಷ್ಟು ವಿಧಿಬದ್ಧವಾದಾಗ ಅದರಲ್ಲಿ ಪಶ್ಚಾತ್ತಾಪ ಉಳಿದಿದೆಯೇ ಎಂಬ ಪ್ರಶ್ನೆ ಜಪಾನೀಯರಿಂದಲೇ ಕೇಳಿಬರುತ್ತದೆ. ಇದರ ಹಗುರ ರೂಪವೂ ಇದೆ. 2016ರಲ್ಲಿ ‘ಗರಿಗರಿಕುನ್’ ಎಂಬ ಐಸ್ ಕ್ಯಾಂಡಿಯ ಬೆಲೆಯನ್ನು 25 ವರ್ಷಗಳ ಬಳಿಕ 60 ಯೆನ್‌ನಿಂದ 70 ಯೆನ್‌ಗೆ ಏರಿಸಿದಾಗ ತಯಾರಕ ಸಂಸ್ಥೆಯ ಮುಖ್ಯಸ್ಥರೂ ನೌಕರರೂ ಸಾಲಾಗಿ ನಿಂತು ನಮಿಸುವ ಜಾಹೀರಾತು ಪ್ರಸಾರವಾಯಿತು.

ನೆಲದ ಮೇಲೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸುವ ನಮನಕ್ಕೆ ‘ದೊಗೆಜ’ ಎಂದು ಹೆಸರು. ಹಿಂದೆ ಇದು ಉನ್ನತ ಸ್ಥಾನದವರಿಗೆ ಸಲ್ಲುವ ಗೌರವವಾಗಿತ್ತು. ಇಂದು ಸಂಪೂರ್ಣ ಶರಣಾಗತಿಯ ಕ್ಷಮಾಯಾಚನೆ ಅಥವಾ ಕೊನೆಯ ಬೇಡಿಕೆ ಎಂಬ ಅರ್ಥವಷ್ಟೇ ಉಳಿದಿದೆ; ಚುನಾವಣೆಯ ಕೊನೆಯ ಗಳಿಗೆಯಲ್ಲಿ ಅಭ್ಯರ್ಥಿಗಳು ಮತ ಬೇಡಲು ಇದನ್ನು ಮಾಡುವುದುಂಟು. 2013ರ ಜನಪ್ರಿಯ ಟಿವಿ ಧಾರಾವಾಹಿ ‘ಹನ್‌ಜವ ನವೊಕಿ’ಯ ಕಥೆ ಒಬ್ಬ ಬ್ಯಾಂಕ್ ಅಧಿಕಾರಿ ತನ್ನ ಮೇಲಿನವನಿಂದ ದೊಗೆಜ ಮಾಡಿಸುವ ದೃಶ್ಯದತ್ತಲೇ ಸಾಗುತ್ತದೆ. ನಿಜಜೀವನದಲ್ಲಿ ಹಾಗೆ ಮಾಡಿಸುವುದು ಅಪಾಯಕಾರಿ. ಬೆದರಿಕೆಯಿಂದ ಇನ್ನೊಬ್ಬರನ್ನು ದೊಗೆಜಕ್ಕೆ ಒತ್ತಾಯಿಸಿದರೆ ಅದು ಜಪಾನಿನ ದಂಡ ಸಂಹಿತೆಯ 223ನೆಯ ವಿಧಿಯಡಿ ಬಲಾತ್ಕಾರದ ಅಪರಾಧವಾಗಬಹುದು. ಅಂಗಡಿಯ ಸಿಬ್ಬಂದಿಯಿಂದ ದೊಗೆಜ ಮಾಡಿಸಿದ ಗ್ರಾಹಕರು ಬಂಧನಕ್ಕೊಳಗಾದದ್ದುಂಟು. ಬಾಗುವವರೇ ಸಲ್ಲಿಸಿದಾಗ ನಮನ, ಕಿತ್ತುಕೊಂಡಾಗ ಹಿಂಸೆ ಎಂಬ ಭೇದವನ್ನು ಕಾನೂನೂ ಗುರುತಿಸಿದಂತಾಯಿತು.

ತಲೆಯ ಎತ್ತರದ ಭಾಷೆಯನ್ನು ತಲೆಕೆಳಗಾಗಿಸಿದ ಒಂದು ಘಟನೆ ಇಲ್ಲಿ ಸ್ಮರಣೀಯ. 1991ರ ಜುಲೈಯಲ್ಲಿ ಉನ್‌ಜೆನ್ ಜ್ವಾಲಾಮುಖಿಯ ಸಂತ್ರಸ್ತರನ್ನು ಕಾಣಲು ಹೋದ ಚಕ್ರವರ್ತಿ ಅಕಿಹಿತೊ, ಆಶ್ರಯ ಶಿಬಿರದ ನೆಲದ ಮೇಲೆ ಕುಳಿತಿದ್ದ ಜನರ ಮುಂದೆ ತಾವೂ ಮಂಡಿಯೂರಿ, ಅವರ ಕಣ್ಣಿನ ಮಟ್ಟದಲ್ಲಿ ಮಾತನಾಡಿಸಿದರು. ಸಂಪ್ರದಾಯವಾದಿಗಳು ಇದನ್ನು ಟೀಕಿಸಿದರು. ಅರ್ಧ ಶತಮಾನದ ಹಿಂದೆ ಇದೇ ಸಿಂಹಾಸನದ ದಿಕ್ಕಿಗೆ ದೇಶವೇ ಬಾಗಬೇಕಾಗಿತ್ತು.

ದೇವಸ್ಥಾನ, ಕ್ರೀಡೆ, ಬೀದಿ

ಶಿಂತೋ ದೇಗುಲಗಳಲ್ಲಿ ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಸಾಮಾನ್ಯ ಕ್ರಮ. ಇಜುಮೊ ಮಹಾದೇಗುಲದಲ್ಲಿ ಚಪ್ಪಾಳೆ ನಾಲ್ಕು. ಬೌದ್ಧ ದೇವಾಲಯಗಳಲ್ಲಿ ಚಪ್ಪಾಳೆಯಿಲ್ಲ. ಕೈಜೋಡಿಸಿ ಮೌನವಾಗಿ ತಲೆ ಬಾಗಿಸಲಾಗುತ್ತದೆ.

ಜೂಡೊ, ಕೆಂಡೊ ಮೊದಲಾದ ಸಮರಕಲೆಗಳು ನಮನದಿಂದ ಆರಂಭವಾಗಿ ನಮನದಲ್ಲಿ ಮುಗಿಯುತ್ತವೆ. ಕೆಂಡೊದಲ್ಲಿ ಗೌರವಪೀಠಕ್ಕೆ 30 ಡಿಗ್ರಿ, ಎದುರಾಳಿಗೆ 15 ಡಿಗ್ರಿ ಬಾಗುವುದು ರೂಢಿ. ಎದುರಾಳಿಗೆ ಬಾಗುವಾಗ ಮಾತ್ರ ಸಾಮಾನ್ಯ ನಿಯಮಕ್ಕೆ ವ್ಯತಿರಿಕ್ತವಾಗಿ ಕಣ್ಣು ಅವರ ಮೇಲೆಯೇ ಇರಬೇಕು. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ಸೋತು ಹೊರಬಿದ್ದ ಜಪಾನ್ ತಂಡದ ತರಬೇತುದಾರ ಮೊರಿಯಸು ಹಾಜಿಮೆ, ಬೆಂಬಲಿಗರತ್ತ ತಿರುಗಿ ಆಳವಾಗಿ ಬಾಗಿ ನಿಂತ ಚಿತ್ರ ಜಗತ್ತಿನಾದ್ಯಂತ ಹರಡಿತು. ಬುಲೆಟ್ ರೈಲಿನ ಶುಚಿಗಾರರು ಬರುವ ರೈಲಿಗೆ ಬಾಗುತ್ತಾರೆ. ರಸ್ತೆ ದುರಸ್ತಿಯ ಫಲಕಗಳಲ್ಲಿ ಹೆಲ್ಮೆಟ್ ತೊಟ್ಟ ಚಿತ್ರಿತ ಕಾರ್ಮಿಕ ಅಡಚಣೆಗಾಗಿ ಬಾಗಿರುತ್ತಾನೆ. ನಾರಾ ನಗರದ ಉದ್ಯಾನದ ಜಿಂಕೆಗಳೂ ಬಿಸ್ಕತ್ತಿಗಾಗಿ ತಲೆ ಬಾಗಿಸುತ್ತವೆ, ಪ್ರವಾಸಿಗರು ತಿರುಗಿ ಬಾಗುತ್ತಾರೆ.

ವಿದೇಶೀಯರು ಮತ್ತು ಭಾಷೆ ಕಲಿಯುವವರು

2009ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಚಕ್ರವರ್ತಿ ಅಕಿಹಿತೊ ಅವರ ಕೈ ಕುಲುಕುತ್ತಲೇ ಸೊಂಟದವರೆಗೆ ಬಾಗಿದ್ದು ಅವರ ದೇಶದಲ್ಲಿ ದೊಡ್ಡ ವಾಗ್ವಾದಕ್ಕೆ ಕಾರಣವಾಯಿತು. ಅಲ್ಲಿಯ ಟೀಕಾಕಾರರಿಗೆ ಬಾಗಿದ್ದೇ ತಪ್ಪು. ಜಪಾನೀ ಶಿಷ್ಟಾಚಾರದ ದೃಷ್ಟಿಯಿಂದ ನೋಡಿದರೆ ತೊಡಕು ಬೇರೆ: ಹಸ್ತಲಾಘವ ಒಂದು, ಒಜಿಗಿ ಇನ್ನೊಂದು, ಎರಡನ್ನೂ ಒಂದೇ ಕ್ಷಣದಲ್ಲಿ ಮಾಡಿದರೆ ಎರಡೂ ಕೆಡುತ್ತವೆ.

ಭಾರತೀಯರು ಮಾಡುವ ಸಾಮಾನ್ಯ ಬೆರಕೆ ಮತ್ತೊಂದು. ನಮಸ್ಕಾರದಂತೆ ಕೈಜೋಡಿಸುವ ಮುದ್ರೆ ಜಪಾನಿನಲ್ಲಿ ‘ಗಶ್ಶೋ’ ಎಂಬ ಹೆಸರಿನಿಂದ ಪರಿಚಿತವೇ. ಆದರೆ ಅದು ಬುದ್ಧನ ಮುಂದೆ, ಸಮಾಧಿಯ ಮುಂದೆ, ಊಟದ ತಟ್ಟೆಯ ಮುಂದೆ, ಇಲ್ಲವೇ ಆಪ್ತರಲ್ಲಿ ದಮ್ಮಯ್ಯ ಎಂದು ಬೇಡುವಾಗ ಬರುವಂಥದು. ಪರಿಚಯದ ಹೊತ್ತಿನಲ್ಲಿ ಬಾಗುತ್ತ ಕೈಜೋಡಿಸಿದರೆ ಎದುರಿನವರಿಗೆ ತಾವೇ ಪೂಜೆಗೊಳಗಾದಂತೆ ಅನಿಸಬಹುದು. ಹಿರಿಯರ ಪಾದ ಮುಟ್ಟುವ ಪದ್ಧತಿಗೆ ಅಲ್ಲಿ ಸಮಾನವಾದದ್ದಿಲ್ಲ. ಒಜಿಗಿಯ ಗೌರವವಿರುವುದೇ ಮುಟ್ಟದೆ ಉಳಿಸಿಕೊಳ್ಳುವ ಅಂತರದಲ್ಲಿ.

ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಅದರಲ್ಲಿ ಮಾತನಾಡುವ ವಿಭಾಗವಿಲ್ಲದ ಕಾರಣ ಒಜಿಗಿ ಯಾವ ಹಂತದಲ್ಲಿಯೂ ಪರೀಕ್ಷೆಗೆ ಒಳಪಡುವುದಿಲ್ಲ; ಮೇಲಿನ ಹಂತದಲ್ಲಿ ಉತ್ತೀರ್ಣರಾದವರೂ ಮೊದಲ ಸಂದರ್ಶನದಲ್ಲಿ ಬಾಗಿಲ ಬಳಿ ತಡವರಿಸುವುದು ಸಾಧ್ಯ. ವಿದೇಶೀಯರಿಂದ ಪರಿಪೂರ್ಣ ನಮನವನ್ನು ಜಪಾನೀಯರು ನಿರೀಕ್ಷಿಸುವುದಿಲ್ಲ. ಅತಿಯಾಗಿ ಬಾಗುವುದು ಅಣಕದಂತೆ ಕಾಣಬಹುದಾದ್ದರಿಂದ, ಎದುರಿನವರು ಎಷ್ಟು ಬಾಗುತ್ತಾರೋ ಅಷ್ಟು ಅಥವಾ ತುಸು ಹೆಚ್ಚು ಬಾಗಿ, ಅವರು ಏಳತೊಡಗಿದ ಬಳಿಕ ಏಳುವುದು ಸುರಕ್ಷಿತ. ಅಂಗಡಿಯಲ್ಲಿ ‘ಇರಶ್ಶೈಮಸೆ’ ಎಂದು ಬಾಗುವ ಸಿಬ್ಬಂದಿಗೆ ಪ್ರತಿನಮನ ಬೇಕಿಲ್ಲ. ತಲೆಯ ಸಣ್ಣ ಇಳಿತವೊಂದು ಸಾಕು, ಅದೂ ಇಷ್ಟವಿದ್ದರೆ. ಬೀಳ್ಕೊಡುವಾಗ ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಆತಿಥೇಯರು ಬಾಗಿಯೇ ಇರುತ್ತಾರೆ. ಆಗ ಒಳಗಿರುವ ಅತಿಥಿ ಒಮ್ಮೆ ನಮಿಸಿ ಸುಮ್ಮನೆ ನಿಲ್ಲುವುದೇ ಸರಿ, ಏಕೆಂದರೆ ಪ್ರತಿ ನಮನಕ್ಕೂ ಪ್ರತಿನಮನ ಹುಟ್ಟಿ ಬಾಗಿಲು ಮುಚ್ಚುವುದೇ ಇಲ್ಲ.

ಇತರ ಬಳಕೆಗಳು

ಮುಟ್ಟಿದೊಡನೆ ಎಲೆ ಮಡಚಿ ತೊಟ್ಟು ಬಾಗಿಸುವ ಸಸ್ಯಕ್ಕೆ ಜಪಾನಿನಲ್ಲಿ ‘ಒಜಿಗಿಸೋ’, ಅಂದರೆ ನಮಿಸುವ ಹುಲ್ಲು ಎಂದು ಹೆಸರು. ಕನ್ನಡದಲ್ಲಿ ಮುನಿಸನ್ನೋ ನಾಚಿಕೆಯನ್ನೋ ಕಂಡು ‘ಮುಟ್ಟಿದರೆ ಮುನಿ’, ‘ನಾಚಿಕೆ ಮುಳ್ಳು’ ಎಂದು ಕರೆದಿರುವುದು ಇದೇ ಗಿಡವನ್ನು.